ಹಾಲ್‌ಸ್ಯಾಂಡ್ಸ್ ಮುಳುಗಿದ್ದು ಬರೀ ಬಿರುಗಾಳಿಯಿಂದಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಹಾಲ್‌ಸ್ಯಾಂಡ್ಸ್ ಬಗ್ಗೆ ಬಂದ ಪುಟ್ಟ ಬರಹ ಓದಿದೆ. ಫೋಟೊ ಚೆನ್ನಾಗಿತ್ತು. ಆದರೆ 1917ರ ಒಂದು ರಾತ್ರಿ ಕಡಲು ಇಡೀ ಊರನ್ನು ನುಂಗಿತು ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದ್ದೀರಿ. ಅಷ್ಟಕ್ಕೇ ನಿಲ್ಲಿಸಿದರೆ ತಪ್ಪು ಮಾಡಿದವರು ಸುಲಭವಾಗಿ ಪಾರಾಗುತ್ತಾರೆ, ಅಲ್ವಾ?

ಇದು ಡೆವನ್‌ನ ದಕ್ಷಿಣ ಅಂಚಿನಲ್ಲಿ, ಸ್ಟಾರ್ಟ್ ಪಾಯಿಂಟ್ ದೀಪಸ್ತಂಭದ ಹತ್ತಿರ ಇದ್ದ ಮೀನುಗಾರರ ಕೇರಿ. 1891ರಲ್ಲಿ 37 ಮನೆ, 159 ಜನ, ‘ಲಂಡನ್ ಇನ್’ ಅಂತ ಒಂದು ಪಬ್ಬು, ಅಷ್ಟೇ. ಬೆನ್ನಿಗೆ ಕಡಿದಾದ ಗುಡ್ಡ, ಎದುರಿಗೆ ಕಡಲು, ನಡುವೆ ಜಗಲಿಯಂಥ ಕಿರಿದಾದ ಬಂಡೆ, ಅದರ ಮೇಲೆ ಮನೆಗಳು. ಬಂಡೆಯೂ ಪೂರ್ತಿ ಬಂಡೆಯಲ್ಲ, ಸಂದುಗಳಲ್ಲಿ ಹಳೇ ಕಾಲದ ಮರಳು, ಕಲ್ಲು ತುಂಬಿಕೊಂಡಿತ್ತು. ಕಸುಬು ಮುಖ್ಯವಾಗಿ ಏಡಿ ಹಿಡಿಯುವುದು. ಅಲೆ ಜೋರಿದ್ದಾಗ ಅವರು ಸಾಕಿದ ನ್ಯೂಫೌಂಡ್‌ಲ್ಯಾಂಡ್ ನಾಯಿಗಳು ಈಜಿಹೋಗಿ ದೋಣಿಯ ಹಗ್ಗ ಕಚ್ಚಿ ತರುತ್ತಿದ್ದವು, ದಡದಲ್ಲಿ ಹೆಂಗಸರೂ ಕೈಹಾಕಿ ದೋಣಿ ಎಳೆಯುತ್ತಿದ್ದರು.

ಈ ಕೇರಿಯನ್ನು ಕಾಯುತ್ತಿದ್ದದ್ದು ಮುಂದಿದ್ದ ಉರುಟು ಕಲ್ಲಿನ ದಂಡೆ. 1897ರಲ್ಲಿ ಪ್ಲಿಮತ್ ಹತ್ತಿರದ ಕೀಹ್ಯಾಮ್‌ನಲ್ಲಿ ನೌಕಾಪಡೆಯ ಹಡಗುಕಟ್ಟೆ ದೊಡ್ಡದು ಮಾಡಲು ಕಾಂಕ್ರೀಟಿಗೆ ಕಲ್ಲು ಬೇಕಾಯಿತು. ಈ ಊರ ಮುಂದಿನ ತೀರದಿಂದ ಅದನ್ನು ಎತ್ತಲು ಸರ್ ಜಾನ್ ಜಾಕ್ಸನ್ ಎಂಬ ಗುತ್ತಿಗೆದಾರನಿಗೆ ಸರ್ಕಾರದ ಪರವಾನಗಿ ಸಿಕ್ಕಿತು. ದಿನಕ್ಕೆ 1,600 ಟನ್‌ವರೆಗೂ ಎತ್ತಿದರು. ಊರವರು ಗಲಾಟೆ ಮಾಡಿದಾಗ ವಿಚಾರಣೆಯೂ ಆಯಿತು, ಊರಿಗೇನೂ ಅಪಾಯವಿಲ್ಲ ಅಂದರು. ತೆಗೆದಷ್ಟನ್ನು ಕಡಲೇ ತಂದು ತುಂಬುತ್ತದೆ ಅನ್ನುವುದು ಅವರ ಲೆಕ್ಕ.

ಆ ಲೆಕ್ಕವೇ ತಪ್ಪು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕೊಚ್ಚಿಹೋದ ಮರಳು ಎಷ್ಟೋ ಕಡೆ ಆಮೇಲೆ ವಾಪಸ್ ಬರುತ್ತದೆ, ನದಿಗಳೂ ಹೊಸದಾಗಿ ತರುತ್ತವೆ. ಅಲ್ಲಿಯ ಕಲ್ಲು ಹಾಗಲ್ಲ. ಹಿಮಯುಗ ಮುಗಿದು ಕಡಲು ಏರಿದಾಗ ತಳದಿಂದ ದಡಕ್ಕೆ ತಳ್ಳಿಕೊಂಡು ಬಂದ ಹಳೇ ದಾಸ್ತಾನು ಅದು, ಹೊಸದು ಸೇರುವುದಿಲ್ಲ. ಸುಮಾರು 6,50,000 ಟನ್ ಹೋಯಿತು, ದಂಡೆ ಆಳೆತ್ತರಕ್ಕಿಂತ ಜಾಸ್ತಿ ಕುಸಿಯಿತು. 1900ರಲ್ಲೇ ತಡೆಗೋಡೆಯ ಒಂದು ಭಾಗ ಬಿತ್ತು. 1902ರ ಜನವರಿಯಲ್ಲಿ ಪರವಾನಗಿ ರದ್ದು ಮಾಡಿದರು, ಆದರೆ ಹೋದ ಕಲ್ಲು ಹೋಯಿತು.

ನೀವು ಬರೆದ ರಾತ್ರಿ 1917ರ ಜನವರಿ 26. ಪೂರ್ವದ ಬಿರುಗಾಳಿ, ಜತೆಗೆ ದೊಡ್ಡ ಉಬ್ಬರ. ಬಂಡೆಯ ಸಂದಿನ ಮರಳು ತೊಳೆದುಹೋಗಿ ಮನೆಗಳು ತಳಪಾಯ ಇಲ್ಲದೆ ಬಿದ್ದವು. ಜನ ಹೇಗೋ ಗುಡ್ಡ ಹತ್ತಿಕೊಂಡರು, ಒಬ್ಬರೂ ಸಾಯಲಿಲ್ಲ, ಅದು ಪುಣ್ಯ. ಪರಿಹಾರಕ್ಕೆ ಮಾತ್ರ ವರ್ಷಗಟ್ಟಲೆ ಅಲೆದರು. ವಾಸಕ್ಕೆ ಉಳಿದದ್ದು ಒಂದೇ ಮನೆ. ಅದರಲ್ಲಿ ಎಲಿಜಬೆತ್ ಪ್ರೆಟಿಜಾನ್ ಎಂಬ ಹೆಂಗಸು ಕೋಳಿ ಸಾಕಿಕೊಂಡು 1964ರಲ್ಲಿ ತೀರಿಹೋಗುವವರೆಗೂ ಇದ್ದರು. ಎಂಥ ಗಟ್ಟಿ ಜೀವ!

ಮುಂದಿನ ವಾರ ಅದೇ ಪುಟದಲ್ಲಿ ಎರಡು ಸಾಲು ಜಾಗ ಕೊಟ್ಟು ಆ ಪರವಾನಗಿಯ ವಿಷಯ ಸೇರಿಸಿ. ಫೋಟೊ ಬೇಕಾದರೆ ಅದೇ ಇರಲಿ.

ಇತಿ,
ನಿಮ್ಮ ಹಳೇ ಓದುಗ, ಮಲ್ಪೆ