ಹೊರದೇಶದ ಸುದ್ದಿ ನಮಗೂ ಹೇಳಿ: ಸಂಸದರಿಗೆ ಗದ್ದೆ ಬಯಲಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ನಾನು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನವಳು. ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಒಂದೂವರೆ ಎಕರೆ ಗದ್ದೆ, ಇಪ್ಪತ್ತು ಗುಂಟೆ ಕಬ್ಬು ಇದೆ. ಯಜಮಾನರು ಹೋಗಿ ಆರು ವರ್ಷ ಆಯಿತು. ಬೇಸಾಯ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಈ ಪತ್ರ ಮೂರು ವರ್ಷದ ಹಿಂದೆಯೇ ಬರೆಯಬೇಕಿತ್ತು. ಗೊಬ್ಬರದ ತಾಪತ್ರಯ ಮುಂದಿನ ಸಲ ಸರಿಹೋಗುತ್ತೆ ಅಂತ ಪ್ರತಿ ವರ್ಷ ಸುಮ್ನಾದೆ. ಈ ವರ್ಷ ಆಗಲಿಲ್ಲ.

ನಾನು ಕೇಳುವುದು ಒಂದೇ. ಮುಂದಿನ ಮುಂಗಾರು ಶುರುವಾಗುವ ಮೊದಲು ನಮ್ಮ ಹೋಬಳಿಗೆ ಒಂದು ಸಲ ಬನ್ನಿ. ಆ ವರ್ಷ ಗೊಬ್ಬರ ಯಾವ ದೇಶದಿಂದ ಎಷ್ಟು ಬರುತ್ತೆ, ಎಲ್ಲಿ ಅಡ್ಡಿಯಾಗಿದೆ, ನಮ್ಮ ಜಿಲ್ಲೆಗೆ ಎಷ್ಟು ಸಿಗುತ್ತೆ ಅಂತ ಕನ್ನಡದಲ್ಲಿ ಹೇಳಿ.

ಈ ವರ್ಷ, 2025ರಲ್ಲಿ, ನೀರಿಗೆ ಕೊರತೆ ಇರಲಿಲ್ಲ. 124.80 ಅಡಿಯ ಕನ್ನಂಬಾಡಿ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿತು. ಜೂನ್‌ನಲ್ಲಿ ತುಂಬಿದ್ದು ಎಂಟು ದಶಕದಲ್ಲಿ ಇದೇ ಮೊದಲು ಅಂತ ಪೇಪರಿನಲ್ಲೆಲ್ಲ ಬಂತು. ನಾಲೆಗೆ ನೀರು ಬಂದಿದ್ದೇ ತಡ, ಭೀಮನ ಅಮಾವಾಸ್ಯೆಗೆ ಮೊದಲೇ ನಾಟಿ ಮುಗಿಸಿದೆ. ಇಷ್ಟು ಬೇಗ ನಾಟಿ ಮಾಡಿ ಎಷ್ಟೋ ವರ್ಷ ಆಗಿತ್ತು. ಪೈರು ಚೆನ್ನಾಗಿ ಬೇರು ಕಚ್ಚಿತ್ತು. ಮೇಲುಗೊಬ್ಬರವಾಗಿ ಯೂರಿಯಾ ಒಂದು ಹಾಕಿದ್ದರೆ ಸಾಕಿತ್ತು.

ವರಮಹಾಲಕ್ಷ್ಮಿ ಹಬ್ಬ ಕಳೆದ ಸೋಮವಾರ ಬೆಳಗ್ಗೆ ಐದಕ್ಕೆ ಯೂರಿಯಾಗೆ ಅಂತ ನಮ್ಮ ಸಹಕಾರ ಸೊಸೈಟಿ ಮುಂದೆ ನಿಂತೆ. ಆಗಲೇ ಎಪ್ಪತ್ತು ಜನ ಇದ್ದರು. ಕೆಲವರು ರಾತ್ರಿಯೇ ಬಂದು ಚಪ್ಪಲಿ, ಕಲ್ಲು ಇಟ್ಟು ಸಾಲು ಹಿಡಿದಿದ್ದರು. ಹನ್ನೊಂದೂವರೆಗೆ ನನ್ನ ಸರದಿ ಬಂತು. ಆಧಾರ್ ಕೊಟ್ಟೆ, ಮಷೀನಿಗೆ ಹೆಬ್ಬೆಟ್ಟು ಇಟ್ಟೆ. ತಗೊಳ್ಳಲಿಲ್ಲ. ಸೆರಗಿನಲ್ಲಿ ಒರೆಸಿ ಇಟ್ಟೆ. ತಗೊಳ್ಳಲಿಲ್ಲ. ಎಡಗೈ ಇಟ್ಟೆ, ತೋರುಬೆರಳು ಇಟ್ಟೆ. ಕಳೆ ಕಿತ್ತು, ನಾಟಿ ಹಾಕಿ ನನ್ನ ಬೆರಳಿನ ಗೆರೆ ಸವೆದಿದೆ ಸ್ವಾಮಿ. ಹಿಂದಿನವರು ಕೂಗಾಡಿದರು. "ನಾಳಿಕೆ ಮಗಳನ್ನ ಕರ್ಕೊಂಡು ಬಾ ಕಣಕ್ಕ" ಅಂದರು. ನನ್ನ ಮಗಳಿಗೆ ಕಾಲೇಜಿದೆ. ಆದರೂ ಒಂದು ದಿನ ತಪ್ಪಿಸಿ ಬಂದಳು. ಅಷ್ಟರಲ್ಲಿ ಸ್ಟಾಕ್ ಮುಗಿದಿತ್ತು.

ಅಲ್ಲಿಂದ ಪೇಟೆಯ ಗೊಬ್ಬರದಂಗಡಿಗೆ ಹೋದೆ. ಯೂರಿಯಾ ಇತ್ತು. ಆದರೆ 45 ಕೆಜಿ ಮೂಟೆ ಜೊತೆ ಒಂದು ಬಾಟಲ್ ದ್ರವ ಗೊಬ್ಬರ, ಒಂದು ಪ್ಯಾಕೆಟ್ ಜಿಂಕ್ ತಗೊಂಡರೆ ಮಾತ್ರ ಕೊಡುತ್ತೇನೆ ಅಂದರು. 266 ರೂಪಾಯಿ 50 ಪೈಸೆಯ ಮೂಟೆಗೆ 640 ರೂಪಾಯಿ ಕೊಟ್ಟೆ. ಆ ಬಾಟಲ್ ಇವತ್ತಿಗೂ ನಮ್ಮ ಅಟ್ಟದ ಮೇಲಿದೆ. ಹೀಗೆ ಲಿಂಕ್ ಹಾಕಿ ಮಾರಬಾರದು ಅಂತ ರೂಲ್ಸ್ ಇರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯಾಕೆ ಹಿಂಗೆ ಅಂತ ಕೇಳಿದ್ದಕ್ಕೆ ಅಂಗಡಿಯವರು ಹೇಳಿದ್ದು ಇಷ್ಟೇ: "ಏನ್ ಮಾಡಾನ ಕಣಕ್ಕ, ಹೊರದೇಶದಲ್ಲಿ ಯುದ್ಧ ಅಂತೆ."

ಯಾವ ದೇಶ? ಯಾವ ಯುದ್ಧ? ಅದಕ್ಕೂ ನನ್ನ ಗದ್ದೆಗೂ ಏನು ಸಂಬಂಧ? ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಮಗಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಪೇಪರ್, ಮೊಬೈಲ್ ಎಲ್ಲ ನೋಡಿ ಹೇಳುತ್ತಾ ಹೋದಳು, ನಾನು ಅವಳ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೀಗೇ ಒಂದು ವಾರ ಕೂತೆವು. ಯೂರಿಯಾ ಮಾಡುವುದು ಗ್ಯಾಸಿನಿಂದ. ಆ ಗ್ಯಾಸಿನಲ್ಲಿ ದೊಡ್ಡ ಪಾಲು ಕತಾರ್‌ನಿಂದ ಹಡಗಿನಲ್ಲಿ ಬರುತ್ತೆ, ಇರಾನ್ ಪಕ್ಕದ ಹಾರ್ಮುಜ್ ಅನ್ನುವ ಕಿರಿದಾದ ಸಮುದ್ರದ ದಾರಿ ದಾಟಿ. ಇದೇ ಜೂನ್ 13ರಿಂದ ಹನ್ನೆರಡು ದಿನ ಇಸ್ರೇಲ್‌ಗೂ ಇರಾನ್‌ಗೂ ಯುದ್ಧ ಆಯಿತಲ್ಲ, ಆಗ ಇಸ್ರೇಲಿನ ಗ್ಯಾಸ್ ಸಿಗದೆ ಈಜಿಪ್ಟಿನ ಯೂರಿಯಾ ಕಾರ್ಖಾನೆಗಳು ನಿಂತವು. ಪ್ರಪಂಚದಲ್ಲೆಲ್ಲ ಯೂರಿಯಾ ಬೆಲೆ ಏರಿತು. ನಾವು ಭತ್ತದ ಸಸಿಗೆ ಒಟ್ಲು ಹಾಕುವ ಹೊತ್ತು ಅದು. ಪೊಟ್ಯಾಷ್ ಗೊಬ್ಬರ ಅಂತೂ ಪೂರ್ತಿ ಹೊರಗಿನದೇ. ರಷ್ಯಾ, ಬೆಲಾರೂಸ್ ಕಡೆಯಿಂದ ಬರುತ್ತಿತ್ತು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ಮೇಲೆ ಅದರ ಬೆಲೆ ಎಲ್ಲಿಗೋ ಹೋಯಿತು. ಡಿಎಪಿ ಗೊಬ್ಬರದ ಕಥೆಯೂ ಅಷ್ಟೇ. 2023ರ ಕೊನೆಯಿಂದ ಯೆಮೆನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳಿಗೆ ಹೊಡೆಯಲು ಶುರು ಮಾಡಿದರು ಅಂತ, ಆ ದಾರಿಯಲ್ಲಿ ಬರಬೇಕಿದ್ದ ಎಷ್ಟೋ ಹಡಗು ಆಫ್ರಿಕಾ ಸುತ್ತಿ ಬರಬೇಕಾಯಿತು.

ಇನ್ನು ಚೀನಾ. 2021ರಲ್ಲೇ ಅವರು ಗೊಬ್ಬರ ಹೊರಗೆ ಕಳಿಸುವುದಕ್ಕೆ ಬಿಗಿ ಮಾಡಿದರು. ನಮಗೂ ಅವರಿಗೂ 2020ರ ಗಾಲ್ವಾನ್ ಕಣಿವೆಯ ಗಡಿ ಜಗಳ ಆದಮೇಲೆ ಮಾತುಕತೆಯೇ ಸರಿ ಇರಲಿಲ್ಲ. ಅಲ್ಲಿ ನಮ್ಮ 20 ಯೋಧರು ಸತ್ತರು. ಅದನ್ನು ನಾನು ಮರೆತಿಲ್ಲ. ಗೊಬ್ಬರಕ್ಕೋಸ್ಕರ ಗಡಿ ಬಿಟ್ಟುಕೊಡಿ ಅಂತ ಯಾವ ರೈತನೂ ಕೇಳುವುದಿಲ್ಲ. ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ಆಗಸ್ಟ್ 18ಕ್ಕೆ ದೆಹಲಿಗೆ ಬಂದರು. ಗೊಬ್ಬರದ ತಡೆ ಸಡಿಲಿಸುತ್ತೇವೆ ಅಂತ ಭರವಸೆ ಕೊಟ್ಟರಂತೆ. ನಾನು ಸೊಸೈಟಿ ಮುಂದೆ ನಿಂತು ವಾಪಸ್ ಬಂದು ಅವತ್ತಿಗೆ ಸರಿಯಾಗಿ ಒಂದು ವಾರ. ನನಗೆ ಬೇಕಿದ್ದದ್ದು ಮೂರು ಮೂಟೆ, ಸಿಕ್ಕಿದ್ದು ಒಂದು. ಪೈರು ಬುಡದ ಎಲೆಯಿಂದ ಹಳದಿ ಬೀಳುತ್ತಾ ಬಂದಿತ್ತು. ಆ ಸುದ್ದಿ ಓದಿ ನನಗೆ ಅಳು ಬಂತು. ಈ ಮಾತುಕತೆ ಎರಡು ತಿಂಗಳು ಮುಂಚೆ ಆಗಿದ್ದರೆ! ಆಗದಿದ್ದರೂ ಹೋಗಲಿ, ಈ ಸಲ ಯೂರಿಯಾ ತಡ ಆಗುತ್ತೆ ಅಂತ ಜೂನ್‌ನಲ್ಲೇ ಯಾರಾದರೂ ಹೇಳಿದ್ದರೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತುತ್ತಿದ್ದೆ, ಇಲ್ಲವೇ ಅರ್ಧ ಎಕರೆ ರಾಗಿಗೆ ಬಿಡುತ್ತಿದ್ದೆ. ಹೇಳಲಿಲ್ಲ. ಸುಗ್ಗಿಯಲ್ಲಿ ಎಕರೆಗೆ ಆರು ಮೂಟೆ ಭತ್ತ ಕಡಿಮೆ ಬಂತು.

ಕಬ್ಬಿನದೂ ಇದೇ ಹಾಡು, ಚಿಕ್ಕದಾಗಿ ಹೇಳುತ್ತೇನೆ. ಭಾರತ ಕಬ್ಬು ಬೆಳೆಗಾರರಿಗೆ ಜಾಸ್ತಿ ಬೆಂಬಲ ಕೊಡುತ್ತೆ ಅಂತ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿದೆ, ಆದರೆ ಅದನ್ನು ಕೇಳಬೇಕಾದ ಪೀಠವೇ 2019ರಿಂದ ಕೆಲಸ ಮಾಡುತ್ತಿಲ್ಲ. ಅಲ್ಲಿ ನಡೆದಿರುವುದು ನನ್ನ ಇಪ್ಪತ್ತು ಗುಂಟೆ ಕಬ್ಬಿನ ರೇಟಿನ ಮಾತು. ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆ ಇದು. ಇಲ್ಲಿ ಒಂದು ಸಭೆಯಲ್ಲಾದರೂ ಈ ವಿಷಯ ಯಾರಾದರೂ ಎತ್ತಿದ್ದು ನನಗೆ ನೆನಪಿಲ್ಲ.

ನನ್ನ ತಂಗಿ ಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿತು. ಅದರಲ್ಲಿ ಅರ್ಧ, ನಾವು ರಷ್ಯಾದ ತೈಲ ಕೊಳ್ಳುತ್ತೇವೆ ಅಂತ. ಸೆಪ್ಟೆಂಬರ್‌ನಲ್ಲಿ ಅವಳ ಓಟಿ ನಿಂತಿತು. ಸೂಪರ್‌ವೈಸರ್ ಹೇಳಿದ್ದೂ ಗೊಬ್ಬರದಂಗಡಿಯವರ ಥರದ್ದೇ ಮಾತು: ಹೊರದೇಶದ ವಿಷಯ, ನಮ್ಮ ಕೈಲಿಲ್ಲ.

ಸರಿ, ನಿಮ್ಮ ಕೈಲೂ ಎಲ್ಲ ಇಲ್ಲ ಅಂತ ಒಪ್ಪುತ್ತೇನೆ. ಯುದ್ಧ ನಿಲ್ಲಿಸಿ ಅಂತ ನಿಮ್ಮನ್ನು ಕೇಳುತ್ತಿಲ್ಲ. ಯೂರಿಯಾ ಹೊರಗೆ ಎಷ್ಟೇ ದುಬಾರಿಯಾದರೂ ಸರ್ಕಾರ ಸಬ್ಸಿಡಿ ಕೊಟ್ಟು ನಮಗೆ ಹಳೇ ಬೆಲೆಗೇ ಕೊಡುತ್ತಿದೆ, ಅದು ದೊಡ್ಡ ವಿಷಯ. ಸೌದಿ ಅರೇಬಿಯಾದಿಂದ ಐದು ವರ್ಷ, ವರ್ಷಕ್ಕೆ 31 ಲಕ್ಷ ಟನ್ ಡಿಎಪಿ ತರಿಸುವ ಒಪ್ಪಂದ ಈ ಜುಲೈನಲ್ಲಿ ಆಯಿತು. ಒಳ್ಳೆಯ ಕೆಲಸ. ಆದರೆ ಇದು ನಮಗೆ ಗೊತ್ತಾಗಿದ್ದು ಒಬ್ಬ ಡಿಗ್ರಿ ಓದುವ ಹುಡುಗಿಯಿಂದ. ಒಳ್ಳೆಯದಾದಾಗಲೂ ಹೇಳುವುದಿಲ್ಲ, ಕೆಟ್ಟದ್ದಾದಾಗಲೂ ಹೇಳುವುದಿಲ್ಲ. ನೀವು ಓಟು ಕೇಳಲು ಬಂದಾಗ ನಮ್ಮ ಬೀದಿಯಲ್ಲೇ ನಿಂತು ಮುಕ್ಕಾಲು ಗಂಟೆ ಮಾತಾಡಿದ್ದಿರಿ. ಗೆದ್ದ ಮೇಲೆ ಅರ್ಧ ಗಂಟೆ ಸಿಗಲಿಲ್ಲ. ನಮಗೆ ಅರ್ಥ ಆಗುವುದಿಲ್ಲ ಅಂದುಕೊಂಡಿದ್ದೀರಾ? ಕಾವೇರಿ ನೀರಿನ ಕ್ಯೂಸೆಕ್ ಲೆಕ್ಕ, ಟಿಎಂಸಿ ಲೆಕ್ಕ ನಮ್ಮೂರ ಮಕ್ಕಳಿಗೂ ಬಾಯಿಗೆ ಬರುತ್ತೆ. ಹಾರ್ಮುಜ್ ಅಂದರೆ ಏನು ಅಂತ ಹೇಳಿದರೆ ಅದೂ ಅರ್ಥ ಆಗುತ್ತೆ.

ಲೋಕಸಭೆಯಲ್ಲಿ ನೀವು ಲಿಖಿತ ಪ್ರಶ್ನೆ ಕೇಳಿದರೆ ಸಚಿವರು ಲೆಕ್ಕ ಕೊಡಲೇಬೇಕು. ಬಜೆಟ್ ಅಧಿವೇಶನದಲ್ಲೇ ಕೇಳಿ. ಯಾವ ದೇಶದ ಜೊತೆ ಎಷ್ಟು ಗೊಬ್ಬರಕ್ಕೆ ಒಪ್ಪಂದ ಆಗಿದೆ, ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಯಾವುದು ಅಂತ ಕೇಳಿ. ಆ ಉತ್ತರ ಕನ್ನಡದಲ್ಲಿ ಬರೆಸಿ ನಮ್ಮ ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಚ್ಚಿಸಿ. ಆಮೇಲೆ ನೀವೇ ಬನ್ನಿ.

ರೋಹಿಣಿ ಮಳೆಗೆ ಮುಂಚೆ ಬಂದರೆ ಸಾಕು. ಶಾಮಿಯಾನ ಬೇಡ, ಹಾರ ಬೇಡ. ಸೊಸೈಟಿ ಮುಂದೆ ಒಂದು ಹೊಂಗೆ ಮರ ಇದೆ, ಅದರ ನೆರಳಲ್ಲಿ ಇನ್ನೂರು ಜನ ಕೂರಬಹುದು. ನಾನು ನೋಟ್‌ಬುಕ್ ತಂದಿರುತ್ತೇನೆ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ರೈತ ಮಹಿಳೆ
ಡಿಸೆಂಬರ್ 2025