ಕೆಂಪು ಗೆರೆ ಬಿದ್ದ ಜಗಲಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಚಿಕ್ಕಮಗಳೂರು ಶಾಸಕರಿಗೆ,

ನಮಸ್ಕಾರ.

ಕೋಟೆ ಕಡೆ ಹೋಗುವ ನಮ್ಮ ಬೀದಿಯಲ್ಲಿ ‘ತೋಟದವರ ಮನೆ’ ಅಂದರೆ ಎಳೆ ಮಕ್ಕಳೂ ತೋರಿಸುತ್ತವೆ. ಓಟು ಕೇಳಲು ಬಂದವರು ಯಾವ ಪಕ್ಷದವರೇ ಇರಲಿ, ಅದರ ಜಗಲಿಯ ಮೇಲೆ ಕೂತು ಕಾಫಿ ಕುಡಿಯದೆ ಹೋದದ್ದಿಲ್ಲ. ಹೋದ ವಾರ ಅಳತೆಗೆ ಬಂದವರು ಆ ಜಗಲಿಗೆ ಕೆಂಪು ಬಣ್ಣದ ಗೆರೆ ಎಳೆದು, ಪಕ್ಕದಲ್ಲಿ ‘ಒತ್ತುವರಿ’ ಅಂತ ಬರೆದು ಹೋಗಿದ್ದಾರೆ. ಚರಂಡಿಗೆ ಮೂರು ಅಡಿ ಬೇಕಂತೆ.

ಚರಂಡಿ ಬೇಡವೆನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಆಷಾಢದ ಮಳೆಯಲ್ಲಿ ನಮ್ಮ ಮನೆ ಬಚ್ಚಲಿಗೂ ಬೀದಿಯ ನೀರು ನುಗ್ಗುತ್ತದೆ. ನನ್ನ ತಕರಾರು ಆ ಒಂದು ಪದದ ಮೇಲೆ. ನಾನು ಚಿಕ್ಕವನಿದ್ದಾಗ ಆ ಜಗಲಿಗೆ ಹತ್ತಲು ಮೂರು ಮೆಟ್ಟಿಲಿದ್ದವು. ಟಾರಿನ ಮೇಲೆ ಟಾರು ಹಾಕಿ ಹಾಕಿ ಎರಡು ಮೆಟ್ಟಿಲು ರಸ್ತೆಯೊಳಗೆ ಹೂತುಹೋದವು, ಈಗ ಒಂದೇ ಉಳಿದಿದೆ. ಯಾರು ಯಾರನ್ನು ಒತ್ತಿದ್ದಾರೆ, ತಾವೇ ಹೇಳಿ.

ಹೋದ ಬೇಸಿಗೆಯಲ್ಲಿ ಆ ಮನೆಯ ಒಡೆದ ಹೆಂಚು ಬದಲಿಸಲು ಏಣಿ ಹಾಕಿದಾಗ ಒಂದು ಹೆಂಚನ್ನು ಮಗುಚಿ ನೋಡಿದೆ. ಪಾಚಿ ಉಜ್ಜಿದರೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಪಾದ್ರಿಗಳ ಸಂಸ್ಥೆಯ ಹೆಸರು, 1865 ಅಂತ ಅಚ್ಚು. ಮನೆಗೆ 160 ವರ್ಷ ಅಂತ ಕೆಳಗಿದ್ದ ಹುಡುಗರು ಕೂಗಾಡಿದರು. ಹಾಗಲ್ಲ. ಅದು ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಾರ್ಖಾನೆಗಳು ಅವರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಅಂದರೆ ಈ ಹೆಂಚಿಗೆ ನೂರು ವರ್ಷವಂತೂ ದಾಟಿದೆ. ಚಾರ್ಮಾಡಿ ಘಾಟಿ ಹತ್ತಿಸಿ ಎತ್ತಿನ ಗಾಡಿಯಲ್ಲಿ ತಂದದ್ದು ಎಂದು ದೊಡ್ಡಮ್ಮ ಹೇಳುತ್ತಿದ್ದರು. ಮುಂದಿನ ಮಾಡು ನಿಂತಿರುವುದೇ ಜಗಲಿಯ ನಾಲ್ಕು ಕಂಬಗಳ ಮೇಲೆ. ಮೂರು ಅಡಿ ಕಿತ್ತರೆ ಮಾಡೂ ಇಳಿಯುತ್ತದೆ.

ದೊಡ್ಡಮ್ಮ ಅಂದರೆ ಆ ಮನೆಯ ಯಜಮಾನಿತಿ, ಬೀದಿಗೆಲ್ಲ ದೊಡ್ಡಮ್ಮ. ತೋಟ ಮೂಡಿಗೆರೆ ಕಡೆ. ಮಕ್ಕಳ ಓದಿಗೆಂದು ಪೇಟೆಯಲ್ಲಿ ಮಾಡಿಕೊಂಡ ಮನೆ ಇದು. ತೋಟದವರು ಅಂದರೆ ಭಾರಿ ಸಾಹುಕಾರರು ಅಂದುಕೊಳ್ಳಬೇಡಿ. 1990ರ ದಶಕದಲ್ಲಿ ಮಾರಾಟ ಮುಕ್ತವಾಗುವ ತನಕ ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲ ಬೆಳೆಗಾರರ ಕಾಫಿ ಒಟ್ಟು ಮಾಡಿ ಬೋರ್ಡೇ ಮಾರುತ್ತಿದ್ದ ರಾಶಿಗೆ ಹೋಗುತ್ತಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ‘ಪೂಲಿನ ದುಡ್ಡು ಬರಲಿ’ ಎನ್ನುವುದು ಆ ಮನೆಯಲ್ಲಿ ದಿನಾ ಕೇಳುತ್ತಿದ್ದ ಮಾತು. ಆದರೂ ತೋಟದ ಲೈನ್‌ಮನೆಗಳಲ್ಲಿದ್ದ ಕೂಲಿಯವರ ಇಬ್ಬರು ಹುಡುಗರು ಅವರ ಅಟ್ಟದ ಮೇಲೆ ಇದ್ದುಕೊಂಡೇ ಹೈಸ್ಕೂಲು ಮುಗಿಸಿದರು. ಕೊನೆ ಬಸ್ಸು ತಪ್ಪಿದವರಿಗೆ ಆ ಜಗಲಿಯೇ ಛತ್ರ. ಒಂದು ಚಾಪೆ, ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ, ಯಾವ ಊರು ಯಾವ ಜನ ಎಂಬ ವಿಚಾರಣೆ ಇಲ್ಲ. ಆ ಕಾಲಕ್ಕೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಈಗ ಅಲ್ಲಿರುವವರು ಅವರ ಮಗಳೊಬ್ಬರೇ, ನಮಗೆ ಅಕ್ಕ. ಹೋಂಸ್ಟೇ ಮಾಡಿ ಅಂತ ವಾರಕ್ಕೊಬ್ಬರು ಬಂದು ಗಂಟುಬೀಳುತ್ತಾರೆ. ಅವರು ಒಪ್ಪಿಲ್ಲ, ಪುಣ್ಯ.

ಇಲ್ಲಿಂದ ಹೊರಟರೆ ಮುಕ್ಕಾಲು ಗಂಟೆಗೆ ಸಿಗುವ ಬೇಲೂರು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿತು. ಅಂಥ ಮರ್ಯಾದೆಯನ್ನು ಈ ಮನೆಗೆ ಯಾರೂ ಕೇಳುತ್ತಿಲ್ಲ. 1961ರ ರಾಜ್ಯ ಸ್ಮಾರಕ ಕಾಯ್ದೆಯಡಿ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಇಂಥ ಮನೆಗಳಿಗೆ ರಕ್ಷಣೆಯೂ ಇಲ್ಲ, ಗೊತ್ತು. ಕೇಳುವುದು ಇಷ್ಟೇ: ಜೆಸಿಬಿ ಬರುವ ಮೊದಲು ಹಳೆಯ ಕಂದಾಯದ ಪುಸ್ತಕವನ್ನೂ ಸರ್ವೆ ನಕ್ಷೆಯನ್ನೂ ಅಕ್ಕನ ಎದುರಿಗೇ ತೆಗೆಸಿ ತಾಳೆ ನೋಡಿಸಿ. ಎದುರು ಬದಿಯಲ್ಲಿ ಖಾಲಿ ಜಾಗವಿದೆ, ಚರಂಡಿಯನ್ನು ಅತ್ತ ಸರಿಸಲು ಬರುತ್ತದೆಯೇ ಎಂದು ಎಂಜಿನಿಯರರನ್ನು ಕೇಳಿ.

ತಾವೇ ಒಮ್ಮೆ ಬಂದರೆ ಇನ್ನೂ ಒಳ್ಳೆಯದು. ಜಗಲಿಯ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿದೆ, ಕೈ ಸವರಿ ಸವರಿ ಅದರ ಗೆರೆಗಳು ನುಣುಪಾಗಿವೆ. ಕೆಂಪು ಬಣ್ಣ ಅದರ ನಟ್ಟನಡುವೆ ಹಾದುಹೋಗಿದೆ. ಅಕ್ಕ ಸೀಮೆಎಣ್ಣೆ ಹಾಕಿ ಉಜ್ಜಿದರು, ಹೋಗಲಿಲ್ಲ.

ಇತಿ,
ಎದುರು ಮನೆಯವನು