ಇಲಿ ವಿಷ್ಯ ಕೊನೇ ಸಾಲಲ್ಲಿ ಹೇಳ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ತೀರ್ಥಹಳ್ಳೀಲಿ ಲೇಡೀಸ್ ಟೈಲರ್. ಪೇಪರಿಗೆ ಪತ್ರ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ತಿದ್ಕೊಳ್ಳಿ, ಉದ್ದ ಆದ್ರೆ ಕತ್ತರಿಸಿ, ದಿನಾ ಕತ್ತರಿ ಹಿಡಿಯೋಳು ನಾನು, ಬೇಜಾರು ಮಾಡ್ಕೊಳಲ್ಲ.

ಹೋದ ತಿಂಗಳು ನನ್ನ ಹತ್ರ ಹತ್ತು ವರ್ಷದಿಂದ ಬ್ಲೌಸ್ ಹೊಲಿಸೋ ಒಬ್ರು ಅಕ್ಕ ಅಂಗಡಿಗೆ ಬಂದ್ರು, ಅಳತೆ ಬ್ಲೌಸ್ ಕೊಡ್ತಾರೆ ಅಂತ ನೋಡಿದ್ರೆ ಪರ್ಸಿಂದ ಮಡಚಿಟ್ಟಿದ್ದ ಪೇಪರ್ ಕಟಿಂಗ್ ತೆಗೆದ್ರು. ಕ್ಯಾನ್ಸರಿಗೆ ಕೊನೆಗೂ ಮದ್ದು ಸಿಕ್ಕೇಬಿಡ್ತು ಅನ್ನೋ ಥರ ದೊಡ್ಡ ಹೆಡ್ಡಿಂಗು. ಅವರ ತಂಗಿಗೆ ಅದೇ ಕಾಯಿಲೆ, ಘಟ್ಟ ಇಳಿದು ಹತ್ತಿ ಇಳಿದು ಹತ್ತಿ ಮನೆಯವರೆಲ್ಲ ಸೋತು ಹೋಗಿದಾರೆ. "ನಿನ್ನ ಮಗಳು ಬೆಂಗಳೂರಲ್ಲಿ ಲ್ಯಾಬಲ್ಲಿದಾಳಲ್ಲ, ಇದು ಎಲ್ಲಿ ಸಿಗತ್ತೆ ಅಂತ ಒಂದು ಫೋನ್ ಮಾಡಿ ಕೇಳೇ ಮಾರಾಯ್ತಿ" ಅಂದ್ರು. ನಾನು ಕನ್ನಡಕ ಹಾಕ್ಕೊಂಡು ಮೊದಲು ಕೊನೇ ಪ್ಯಾರಾ ಓದಿದೆ. ಅಲ್ಲಿತ್ತು, ಸದ್ಯಕ್ಕೆ ಇಲಿಗಳ ಮೇಲೆ ಮಾತ್ರ ಪ್ರಯೋಗ ಆಗಿದೆ ಅಂತ. ಹೇಗೆ ಹೇಳೋದು ಹೇಳಿ? ಅಕ್ಕಾ ಇದಿನ್ನೂ ಮನುಷ್ಯರ ತನಕ ಬಂದಿಲ್ಲ, ಬರತ್ತೋ ಇಲ್ವೋ ಅದೂ ಗೊತ್ತಿಲ್ಲ ಅಂದೆ. ಅವರು ಏನೂ ಮಾತಾಡ್ಲಿಲ್ಲ, ಕಟಿಂಗ್ ಮತ್ತೆ ಮೊದಲಿನ ಹಾಗೇ ಮಡಚಿ ಪರ್ಸಲ್ಲಿ ಇಟ್ಕೊಂಡು ಹೋದ್ರು. ಬಿಸಾಕ್ಲಿಲ್ಲ.

ಅದು ನಿಮ್ಮ ಪೇಪರ್ ಅಲ್ಲ. ಆದ್ರೆ ನಿಮ್ಮಲ್ಲೂ ಇಂಥ ಹೆಡ್ಡಿಂಗ್ ನೋಡಿದೀನಿ, ಸುಳ್ಳು ಯಾಕೆ ಹೇಳ್ಲಿ.

ಕೊನೇ ಪ್ಯಾರಾ ಮೊದಲು ಓದ್ಬೇಕು ಅಂತ ಪಿಯುಸಿ ಫೇಲ್ ಆದ ನಂಗೆ ಕಲಿಸಿದ್ದು ಫೋನಲ್ಲಿ ಕೇಳೋ ವಿಜ್ಞಾನದ ಆಡಿಯೋ ಕಾರ್ಯಕ್ರಮ, ಅದೇ ಪಾಡ್‌ಕಾಸ್ಟು, ಈ ಪತ್ರ ಅದ್ರ ಬಗ್ಗೇನೇ. ನಮ್ಮ ಕೆಲ್ಸದಲ್ಲಿ ಕಣ್ಣು ಸೂಜಿ ಮೇಲೆ, ಕೈ ಬಟ್ಟೆ ಮೇಲೆ, ಕಾಲು ಪೆಡಲ್ ಮೇಲೆ, ಖಾಲಿ ಇರೋದು ಕಿವಿ ಒಂದೇ. ಮೊದಲೆಲ್ಲ ರೇಡಿಯೋ, ಆಮೇಲೆ ಸೀರಿಯಲ್ ಸದ್ದು. ಮಗಳು ಒಂದ್ಸಲ ರಜೆಗೆ ಬಂದಾಗ ಅಮೆರಿಕದ ಎನ್‌ಪಿಆರ್ ರೇಡಿಯೋದವ್ರ ಶಾರ್ಟ್ ವೇವ್ ಅನ್ನೋದನ್ನ ಫೋನಲ್ಲಿ ಹಾಕ್ಕೊಟ್ಟು, ಅಮ್ಮಾ ಹತ್ತು ಹನ್ನೆರಡು ನಿಮಿಷ ಕೇಳು, ಅರ್ಥ ಆಗದಿದ್ರೆ ಬಂದ್ ಮಾಡು ಅಂದ್ಲು. 2019ರ ಅಕ್ಟೋಬರಲ್ಲಿ ಶುರುವಾಗಿದ್ದಂತೆ ಅದು. ನಿಜ ಹೇಳ್ಬೇಕಂದ್ರೆ ಇಂಗ್ಲಿಷ್ ಅರ್ಧ ಹಾರಿ ಹೋಗತ್ತೆ, ಅವ್ರ ಜೋಕಂತೂ ಒಂದೂ ತಲೆಗೆ ಹೋಗಲ್ಲ, ಆದ್ರೂ ಬಂದ್ ಮಾಡ್ಲಿಲ್ಲ ಯಾಕಂದ್ರೆ ಇಬ್ರು ಕೂತ್ಕೊಂಡು ನಮ್ಮಂಗೇ ಮಾತಾಡ್ತಾರೆ, ಒಬ್ರು ಹೇಳ್ತಾರೆ ಇನ್ನೊಬ್ರು ತಡಿ ತಡಿ ಅದೇನದು ಇನ್ನೊಂದ್ಸಲ ಹೇಳು ಅಂತಾರೆ, ನಂಗೆಲ್ಲಿ ಡೌಟ್ ಬರತ್ತೋ ಅಲ್ಲೇ ಅವ್ರೂ ಕೇಳ್ತಾರೆ. ಒಂದು ಬ್ಲೌಸಿಗೆ ಹುಕ್ಸ್ ಕಾಜಾ ಮುಗಿಯೋ ಹೊತ್ತಿಗೆ ಒಂದು ಎಪಿಸೋಡ್ ಮುಗಿದಿರತ್ತೆ.

ಈ ಸಣ್ಣ ಸಣ್ಣ ಪಾಡ್‌ಕಾಸ್ಟ್ ಈಗಿನ ರೀಲ್ಸ್ ಕಾಲದಲ್ಲಿ ಹುಟ್ಟಿದ್ದು ಅಂದ್ಕೊಂಡಿದ್ದೆ, ಅಲ್ವಂತೆ. ಸೈಂಟಿಫಿಕ್ ಅಮೆರಿಕನ್ ಮ್ಯಾಗಜೀನ್ ನವರು 2006ರಲ್ಲೇ ಸಿಕ್ಸ್ಟಿ ಸೆಕೆಂಡ್ ಸೈನ್ಸ್ ಅಂತ ಶುರು ಮಾಡಿದ್ರಂತೆ, ನಮ್ಮೂರಲ್ಲಿ ಆಗ ಮೊಬೈಲ್ ಇದ್ದೋರ್ನ ಬೆರಳಲ್ಲಿ ಎಣಿಸ್ಬಹುದಿತ್ತು. ಹೆಸ್ರು ಅರವತ್ತು ಸೆಕೆಂಡ್ ಅಂತ ಇದ್ರೂ ಎರಡು ಮೂರು ನಿಮಿಷ ಎಳೀತಿದ್ರು, ಹತ್ತು ನಿಮಿಷದಲ್ಲಿ ಕೊಡ್ತೀನಿ ಅಂತ ನಾನು ಕಸ್ಟಮರ್ಸ್‌ಗೆ ಹೇಳೋ ಹಾಗೆ. ಈಗ ಅದ್ರ ಜಾಗದಲ್ಲಿ ಸೈನ್ಸ್ ಕ್ವಿಕ್ಲಿ ಅಂತ ಬರತ್ತೆ. ಕನ್ನಡದಲ್ಲೂ ಇಲ್ಲ ಅಂತಲ್ಲ, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮ ಅವರು ಜಾಣಸುದ್ದಿ ಅಂತ ಮಾಡ್ಕೊಂಡು ಬಂದಿದಾರೆ, ಅದನ್ನ ಕೇಳಿದ ಮೇಲೇ ನಂಗೆ ಕನ್ನಡದಲ್ಲೂ ಇದು ಆಗತ್ತೆ ಅಂತ ಧೈರ್ಯ ಬಂದಿದ್ದು. ಆದ್ರೆ ಅಷ್ಟು ದೊಡ್ಡ ಕನ್ನಡ ನಾಡಿಗೆ ಅಂಥವ್ರು ಒಬ್ರೋ ಇಬ್ರೋ ಅಂದ್ರೆ ಹೇಗೆ?

ಚಿಕ್ಕದಾಗಿ ಹೇಳೋದು ಅಂದ್ರೆ ಅರ್ಧಂಬರ್ಧ ಹೇಳೋದು ಅಂತ ನಮ್ಮನೆಯವ್ರ ವಾದ. ನಂಗೆ ಹಾಗನ್ಸಲ್ಲ. ನಮ್ಮನೇದೇ ಒಂದು ಉದಾಹರಣೆ ಹೇಳ್ತೀನಿ. ನಮ್ದು ಅಡಕೆ ಸೀಮೆ, ಇಲ್ಲಿ ಅಡಕೆಯಿಂದ ಕ್ಯಾನ್ಸರ್ ಅಂತ ಪೇಪರಲ್ಲಿ ಬಂದ್ರೆ ಆ ದಿನ ಊರಲ್ಲೆಲ್ಲ ಅದೇ ಜಗಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಅಂತ ಇದೆ, 2004ರಲ್ಲಿ ಬಂದ ಅವರ ವರದಿಯಲ್ಲಿ ಅಡಕೆನ ಕ್ಯಾನ್ಸರ್ ತರತ್ತೆ ಅಂತ ಖಾತ್ರಿ ಆಗಿರೋವುಗಳ ಮೊದಲನೇ ಗುಂಪಿಗೆ ಹಾಕಿದ್ರು. ತಂಬಾಕೂ ಅದೇ ಗುಂಪು. ಆಯ್ತು ಅಂದ್ರೆ ಒಂದು ಹೋಳು ಅಡಕೆ ಒಂದು ಸಿಗರೇಟಿಗೆ ಸಮ ಅಂತ ಒಂದು ಪಾರ್ಟಿ, ಇದೆಲ್ಲ ವಿದೇಶಿ ಕಂಪನಿಗಳ ಪಿತೂರಿ ಅಂತ ಇನ್ನೊಂದು ಪಾರ್ಟಿ. 2023ರ ಜುಲೈನಲ್ಲಿ ಜೀರೋ ಶುಗರ್ ಕೂಲ್ ಡ್ರಿಂಕ್ಸಿಗೆ ಹಾಕೋ ಆಸ್ಪರ್ಟೇಮ್ ಬಗ್ಗೆ ಇದೇ ಥರ ಗಲಾಟೆ ಆಯ್ತಲ್ಲ, ಆಗ ಮಗಳು ಕಳಿಸಿದ ಒಂದು ಎಪಿಸೋಡಲ್ಲಿ ಬರೀ ಒಂದೇ ವಿಷ್ಯ ಹೇಳಿದ್ರು: ಈ ಗುಂಪುಗಳು ಹೇಳೋದು ಸಾಕ್ಷಿ ಎಷ್ಟು ಗಟ್ಟಿ ಇದೆ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಹೇಳಲ್ಲ. ಬಿಸಿಲು ಮೊದಲನೇ ಗುಂಪು, ಸಾರಾಯಿ ಮೊದಲನೇ ಗುಂಪು, ತಂಬಾಕೂ ಮೊದಲನೇ ಗುಂಪು, ಹಂಗಂತ ಮೂರೂ ಒಂದೇ ಅಲ್ಲ. ಆಸ್ಪರ್ಟೇಮ್ ಇರೋದು 2ಬಿ ಗುಂಪಲ್ಲಿ, ಅಂದ್ರೆ ಸಾಕ್ಷಿ ಇನ್ನೂ ಪೀಚು. ಎಪ್ಪತ್ತು ಕೆಜಿ ತೂಕದೋರು ಲಿಮಿಟ್ ದಾಟ್ಬೇಕಂದ್ರೆ ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನ್ ಮೇಲೆ ಕುಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಲೆಕ್ಕ ಕೊಟ್ಟಿತ್ತು.

ಇಷ್ಟೇ. ಎಂಟು ಹತ್ತು ನಿಮಿಷ. ಆದ್ರೆ ಇಪ್ಪತ್ತು ವರ್ಷದಿಂದ ಕಟ್ಟೆ ಮೇಲೆ ನಡೀತಿದ್ದ ಜಗಳ ನಂಗೆ ಆವತ್ತು ಅರ್ಥ ಆಯ್ತು. ಹಾಗಂತ ಅಡಕೆ ಪಾಸಾಯ್ತು ಅಂತಲ್ಲ ಮತ್ತೆ, ಅಡಕೆ ವಿಷ್ಯದಲ್ಲಿ ಸಾಕ್ಷಿ ಗಟ್ಟಿನೇ ಇದೆ, ಜಗಿದು ಜಗಿದು ಬಾಯಿ ಒಳಗಿನ ಚರ್ಮ ಬಿಗಿದು ಬಾಯಿ ತೆಗಿಯೋಕೇ ಆಗದಂಗೆ ಆಗತ್ತೆ, ಅಂಥವ್ರನ್ನ ನಾನೇ ನೋಡಿದೀನಿ. ನಮ್ಮನೆಯವ್ರು ಎಲೆ ಅಡಕೆ ಕವಳ ಹಾಕೋರು, ಅವರಿಗೆ ಈ ಎಪಿಸೋಡಿನ ಬಿಸಿಲಿನ ಭಾಗ ಮಾತ್ರ ನೆನಪಿದೆ!

ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆಗಿದ್ದು, ಪ್ರಪಂಚದಲ್ಲೆಲ್ಲ ಅದಕ್ಕೆ ನಮ್ಮ ಜಿಲ್ಲೆ ಊರಿನ ಹೆಸರೇ. ಆದ್ರೆ ಇವತ್ತಿಗೂ ಮಂಗ ಕಂಡ್ರೆ ಕಾಯಿಲೆ ಬರತ್ತೆ ಅಂತ ಕಲ್ಲು ಹೊಡೆಯೋರಿದಾರೆ. ಪಾಪ ಮಂಗ, ನಮ್ಮ ಹಾಗೇ ಅದಕ್ಕೂ ಕಾಯಿಲೆ ತಗಲಿ ಸಾಯೋದು, ಹರಡೋದು ಉಣುಗು, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಹೀರೋ ಉಣ್ಣೆ ಹುಳ. ಮಂಗ ಸತ್ತು ಬಿದ್ದಾಗ ಅದ್ರ ಮೈ ಮೇಲಿನ ಉಣುಗು ಇಳಿದು ಅಲ್ಲೇ ಸುತ್ತ ಹರಡ್ಕೊಳತ್ತೆ, ಅದಕ್ಕೇ ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಆಸ್ಪತ್ರೆಗೆ ಹೇಳಿ ಅನ್ನೋದು. ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಹಂಗಾಗಿ ಕಾಯಿಲೆ ಬಂದ ಮನೆಯೋರ್ನ ದೂರ ಇಡೋದ್ರಲ್ಲಿ ಅರ್ಥನೇ ಇಲ್ಲ. ಕಾಡಿಗೆ ದರಗು ಗುಡಿಸೋಕೆ ಹೋಗೋ ಹೆಂಗಸ್ರಿಗೆ ಇದು ಬೇಕಾಗಿರೋದು, ಅವ್ರು ಪೇಪರ್ ಓದಲ್ಲ, ಆದ್ರೆ ಎಲ್ಲರ ಮನೇಲೂ ವಾಟ್ಸಾಪ್ ಇದೆ. ಕಾಯಿಲೆ ಸೀಸನ್ ಶುರುವಾಗೋ ಡಿಸೆಂಬರಿಗೆ ಮುಂಚೆ ನಾಲ್ಕೇ ನಿಮಿಷದ ಒಂದು ಆಡಿಯೋ ನಮ್ಮ ಮಾತಲ್ಲೇ ಮಾಡಿ ಕಳಿಸಿದ್ರೆ ಎಷ್ಟು ಉಪಕಾರ. ಈಗ ಬರೋದೆಂತ ಅಂದ್ರೆ "ಸಾರ್ವಜನಿಕರು ಆತಂಕಕ್ಕೆ ಒಳಗಾಗದೆ ಮುಂಜಾಗ್ರತಾ ಕ್ರಮಗಳನ್ನು ಅನುಸರಿಸತಕ್ಕದ್ದು". ಎಂತ ಕ್ರಮ ಅಂತ ಕೇಳಿದ್ರೆ ಓದಿದೋರಿಗೇ ಗೊತ್ತಿರಲ್ಲ.

ಎಲ್ಲಾ ಪಾಡ್‌ಕಾಸ್ಟೂ ಚೆನ್ನಾಗಿರತ್ತೆ ಅಂತ ನಾನು ಹೇಳಲ್ಲ. ಕೆಲವ್ರು ಡಂ ಡಂ ಮ್ಯೂಸಿಕ್ ಹಾಕಿ ನಿಮಗೆ ಗೊತ್ತಾ ನಿಮಗೆ ಗೊತ್ತಾ ಅಂತಾನೇ ಎರಡು ನಿಮಿಷ ತಿಂತಾರೆ, ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ವಿ ಮಾರಾಯ್ರೆ. ಇನ್ನು ಕೆಲವು ಕನ್ನಡದಲ್ಲಿ ಇರೋವು, ಪಾಠ ಪುಸ್ತಕ ಗಟ್ಟಿಯಾಗಿ ಓದಿದ ಹಾಗೆ, ಪ್ರತಿಕಾಯ ಅಂತೆ ಅಯಾನು ಅಂತೆ, ಕೇಳೋಳು ಕೈಯಲ್ಲಿ ಬಟ್ಟೆ ಹಿಡ್ಕೊಂಡಿದಾಳೆ ಡಿಕ್ಷನರಿ ಹಿಡ್ಕೊಂಡಿಲ್ಲ. ಇಂಗ್ಲಿಷ್ ಪದ ಬಂದ್ರೆ ಬರ್ಲಿ, ಅದು ಎಂತ ಮಾಡತ್ತೆ ಅಂತ ಒಂದು ಸಾಲು ಹೇಳಿದ್ರೆ ಸಾಕು. ಮತ್ತೆ ಕೆಲವು ವಿಷ್ಯ ಹತ್ತು ನಿಮಿಷಕ್ಕೆ ಹಿಡಿಸಲ್ಲ, ನೊಬೆಲ್ ಬಂದಾಗ ಫಿಸಿಕ್ಸ್ ಬಗ್ಗೆ ಹೇಳಿದ್ದು ನಂಗಂತೂ ಯಾವತ್ತೂ ಅರ್ಥ ಆಗಿಲ್ಲ, ಅಲ್ಲಿ ಸುಮ್ನೆ ಕಾಜಾ ಹಾಕ್ತೀನಿ.

ಹೆಡ್ಡಿಂಗ್ ಜಾಗ ಚಿಕ್ಕದು, ಎಲ್ಲಾ ಹಿಡಿಸಲ್ಲ ಅಂತ ನೀವು ಹೇಳ್ಬಹುದು. ಒಪ್ತೀನಿ. ಚಂದ್ರಯಾನ-3 ಇಳಿದಾಗ, 2023ರ ಆಗಸ್ಟ್ 23, ನಾವೆಲ್ಲ ಅಂಗಡಿ ಬಾಗ್ಲು ಹಾಕಿ ಟಿವಿ ಮುಂದೆ ಕೂತಿದ್ವಿ, ಮಾರನೇ ದಿನ ಚಂದ್ರನ ದಕ್ಷಿಣ ಧ್ರುವದಲ್ಲಿ ಇಳಿದ್ವಿ ಅಂತ ಎಲ್ಲಾ ಕಡೆ ಬಂತು. ಇಳಿದಿದ್ದು ಧ್ರುವದ ಹತ್ತಿರ, ದಕ್ಷಿಣಕ್ಕೆ ಸುಮಾರು 69 ಡಿಗ್ರಿಯಲ್ಲಿ, ಅಲ್ಲಿಂದ ಧ್ರುವಕ್ಕೆ ಇನ್ನೂ 600 ಕಿಲೋಮೀಟರ್ ಮೇಲಿದೆ. ಹಾಗಂದ್ರೆ ಸಾಧನೆ ಏನು ಕಮ್ಮಿ ಆಗಲ್ಲ, ಅಷ್ಟು ದಕ್ಷಿಣಕ್ಕೆ ಅದಕ್ಕಿಂತ ಮುಂಚೆ ಯಾರೂ ಸರಿಯಾಗಿ ಇಳಿದಿರಲಿಲ್ಲ. "ಬಳಿ" ಅನ್ನೋದು ಎರಡೇ ಅಕ್ಷರ, ಹೆಡ್ಡಿಂಗಲ್ಲಿ ಹಿಡಿಸ್ತಿತ್ತು. "ಇಲಿ" ಕೂಡ ಎರಡೇ ಅಕ್ಷರ. ನಗ್ಬೇಡಿ, 2019ರಲ್ಲಿ ಜೇಮ್ಸ್ ಹೀದರ್ಸ್ ಅನ್ನೋ ವಿಜ್ಞಾನಿ ಇದಕ್ಕೇ ಅಂತ ಟ್ವಿಟರಲ್ಲಿ ಒಂದು ಅಕೌಂಟ್ ಮಾಡಿದ್ರು, ಇಂಥ ಸುದ್ದಿ ಕಂಡಾಗೆಲ್ಲ ಅದನ್ನ ಹಾಕಿ ಮೇಲೆ "ಇಲಿಗಳಲ್ಲಿ" ಅಂತ ಇಷ್ಟೇ ಬರೆಯೋದು. ಇದು ಬರೀ ಕನ್ನಡ ಪೇಪರಿನ ರೋಗ ಅಲ್ಲ ಅಂತ ಅವಾಗ ಗೊತ್ತಾಯ್ತು, ಸ್ವಲ್ಪ ಸಮಾಧಾನನೂ ಆಯ್ತು.

ನನ್ನ ಕೋರಿಕೆ ಎರಡು. ವಾರಕ್ಕೊಂದ್ಸಲ ಬರೋ ನಿಮ್ಮ ವಿಜ್ಞಾನದ ಪುಟದಿಂದ ದಿನಕ್ಕೊಂದು ಸುದ್ದಿ ತಗೊಂಡು ಐದು ನಿಮಿಷದ ಆಡಿಯೋ ಮಾಡಿ, ಪೇಪರಲ್ಲಿ ಕ್ಯೂಆರ್ ಕೋಡ್ ಹಾಕಿ, ಇಬ್ರು ಮಾತಾಡ್ಲಿ, ಒಬ್ರಿಗೆ ವಿಷ್ಯ ಗೊತ್ತಿರ್ಲಿ ಇನ್ನೊಬ್ರಿಗೆ ಗೊತ್ತಿಲ್ಲದೆ ಇರ್ಲಿ, ಗೊತ್ತಿಲ್ಲದೋರು ಬೇಕಂದ್ರೆ ನಾನೇ ಬರ್ತೀನಿ. ಎರಡನೇದು, ಔಷಧಿ ಸುದ್ದಿ ಹಾಕುವಾಗ ಯಾರ ಮೇಲೆ ಪರೀಕ್ಷೆ ಮಾಡಿದ್ರು, ಎಷ್ಟು ಜನ, ಅಂಗಡೀಲಿ ಸಿಗತ್ತಾ ಇಲ್ವಾ, ಈ ಮೂರನ್ನ ಮೊದಲನೇ ಪ್ಯಾರಾದಲ್ಲೇ ಹೇಳಿಬಿಡಿ. ಆ ಅಕ್ಕ ಮೊನ್ನೆ ಮತ್ತೆ ಬಂದಿದ್ರು, ತಂಗಿಗೆ ಮೈ ಇಳಿದಿದೆ ಅಂತ ಅವಳ ಬ್ಲೌಸೆಲ್ಲ ಹಿಡಿಸೋಕೆ ಕೊಟ್ಟು ಹೋದ್ರು. ಕಟಿಂಗ್ ವಿಷ್ಯ ಅವ್ರೂ ಎತ್ತಲಿಲ್ಲ, ನಾನೂ ಕೇಳ್ಲಿಲ್ಲ.

ಆಡಿಯೋ ಮಾಡಿದ್ರೆ ದಯವಿಟ್ಟು ಸ್ವಲ್ಪ ಜೋರಾಗಿ ರೆಕಾರ್ಡ್ ಮಾಡಿ, ಮಷೀನ್ ಸದ್ದಲ್ಲಿ ಕೇಳ್ಬೇಕು.

ಇತಿ ನಿಮ್ಮ ಓದುಗಳು,
ಒಬ್ಬ ಟೈಲರ್, ತೀರ್ಥಹಳ್ಳಿ